ಹೆಡ್ ಬಿಚ್ಚುವ ಮೊದಲು ಪೈಪ್ ಮುಟ್ಟಿ ನೋಡಿ

ಕಬ್ಬಿನ ಹಂಗಾಮು ಶುರುವಾದರೆ ಗದ್ದನಕೇರಿ ಕ್ರಾಸ್ ಹತ್ತಿರದ ನಮ್ಮ ಗ್ಯಾರೇಜಿಗೆ ಹೀಟ್ ಆದ ಲಾರಿಗಳು ಬರುತ್ತಲೇ ಇರುತ್ತವೆ. ಕಳೆದ ವಾರ ಸಂಜೆ ಹತ್ತು ಚಕ್ರದ ಲಾರಿಯೊಂದು ಲೋಡ್ ಸಮೇತ ಬಂದು ನಿಂತಿತು. ಮುಧೋಳದ ಕಡೆ ಕಾರ್ಖಾನೆಗೆ ಹೋಗಬೇಕಾದ ಕಬ್ಬು. ಬೇರೆ ಕಡೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಬದಲಿಸಿದ್ದರು, ವಾಟರ್ ಪಂಪ್ ಬದಲಿಸಿದ್ದರು, ಇನ್ನು ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಲೇಬೇಕು ಎಂದಿದ್ದರಂತೆ. "ಕಾಕಾ, ಮಾಲೀಕರು ಇನ್ನು ದುಡ್ಡು ಕೊಡುವುದಿಲ್ಲ" ಎಂದ ಚಾಲಕ ಹುಡುಗ. ನನಗೆ ಮಾಲೀಕರಿಗಿಂತ ಹೆಚ್ಚಿನ ಚಿಂತೆ ಲಾರಿಯಲ್ಲಿದ್ದ ಕಬ್ಬಿನದು. ಒಣಗಿದಷ್ಟೂ ತೂಕ ಇಳಿಯುತ್ತದೆ, ನಷ್ಟ ರೈತನಿಗೆ.

ಆದರೂ ಬೆಳಗಿನವರೆಗೆ ಲಾರಿಯನ್ನು ನಿಲ್ಲಿಸಿಕೊಂಡೆ. ಎಂಜಿನ್ ಬಿಸಿಯಿರುವಾಗ, ಅದರ ನೀರನ್ನು ತಣಿಸುವ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲೇಬಾರದು. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದರೆ ಒಮ್ಮೆಲೇ ಉಕ್ಕಿ ಮುಖ, ಕೈ ಸುಡುತ್ತದೆ. ಅಂಥ ಗಾಯಗಳನ್ನು ಕಣ್ಣಾರೆ ಕಂಡಿದ್ದೇನೆ.

ಬೆಳಿಗ್ಗೆ ತಣ್ಣಗಿದ್ದಾಗ ಮುಚ್ಚಳ ತೆಗೆದು ಚಾಲೂ ಮಾಡಿಸಿದೆ. ಹೆಡ್ ಕೆಳಗಿನ ಸೀಲಾದ ಗ್ಯಾಸ್ಕೆಟ್ ಹೋಗಿದ್ದರೆ ನೀರಿನಲ್ಲಿ ಗುಳ್ಳೆಗಳು ಬಿಡದೆ ಏಳುತ್ತವೆ, ಮುಚ್ಚಳ ಹಾಕಿ ನೋಡಿದರೆ ನೀರು ಬಿಸಿಯಾಗುವ ಮೊದಲೇ ರೇಡಿಯೇಟರ್ ಪೈಪ್ ಗಟ್ಟಿಯಾಗುತ್ತದೆ. ಇಲ್ಲಿ ಎರಡೂ ಇರಲಿಲ್ಲ. ಹೆಡ್ ಮಾತು ಅಲ್ಲಿಗೇ ಮುಗಿಯಿತು.

ಮುಚ್ಚಳ ಹಾಕಿ, ಲೋಡ್ ಸಮೇತ ಸ್ವಲ್ಪ ದೂರ ಓಡಿಸಿ ಮರಳಿ ತಂದೆವು. ಶಾಖ ತೋರಿಸುವ ಮೀಟರಿನ ಮುಳ್ಳು ಮೇಲೇರಿತ್ತು. ಎಂಜಿನ್ ನಿಲ್ಲಿಸಿ ಬಟ್ಟೆ ಹಿಡಿದು ಮೇಲಿನ ಪೈಪ್, ಕೆಳಗಿನ ಪೈಪ್ ಎರಡನ್ನೂ ಮುಟ್ಟಿದೆ. ಥರ್ಮೋಸ್ಟಾಟ್ ತೆರೆಯದಿದ್ದರೆ ಕೆಳಗಿನದು ತಣ್ಣಗಿರಬೇಕು. ಇದು ಮೇಲಿನದರಷ್ಟೇ ಸುಡುತ್ತಿತ್ತು. ಅಂದರೆ ನೀರು ತಿರುಗುತ್ತಿದೆ, ಆದರೆ ರೇಡಿಯೇಟರಿನಲ್ಲಿ ಶಾಖ ಬಿಡುತ್ತಿಲ್ಲ. ಗಾಳಿ ಸಿಗುತ್ತಿಲ್ಲ. ಫ್ಯಾನನ್ನು ಕೈಯಿಂದ ತಿರುಗಿಸಿದೆ. ಬಿಸಿಯಲ್ಲಿ ಫ್ಯಾನನ್ನು ಎಂಜಿನ್ನಿಗೆ ಜೋಡಿಸುವ ವಿಸ್ಕಸ್ ಕಪ್ಲಿಂಗ್ ಬಿಗಿಯಾಗಿ ತಡೆಯಬೇಕು, ತಡೆಯಿತು. ಅಂದರೆ ಫ್ಯಾನಿನ ತಪ್ಪಲ್ಲ.

ಮುಂದಿನಿಂದ ನೋಡಿದರೆ ಎಲ್ಲ ಸ್ವಚ್ಛ. ಆದರೆ ಮುಂದೆ ಕಾಣುವುದು ಇಂಟರ್‌ಕೂಲರ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಭಾಗ), ರೇಡಿಯೇಟರ್ ಅದರ ಹಿಂದಿದೆ. ತಣ್ಣಗಾದ ಮೇಲೆ ಇಂಟರ್‌ಕೂಲರ್ ಬೋಲ್ಟ್ ಸಡಿಲಿಸಿ ಮುಂದಕ್ಕೆ ಬಾಗಿಸಿ ಬ್ಯಾಟರಿ ಬೆಳಕು ಬಿಟ್ಟೆ. ಹೊಲದ ದೂಳು, ಕಬ್ಬಿನ ರವದಿಯ (ಒಣ ಗರಿಯ) ಚೂರು, ಎಂಜಿನ್ ಉಸಿರು ಪೈಪಿನಿಂದ ಹಾರಿದ ಎಣ್ಣೆ ಮೂರೂ ಸೇರಿ ರೇಡಿಯೇಟರಿನ ಮೈಗೆ ಕಂಬಳಿಯಂತೆ ಅಂಟಿದ್ದವು. ಖಾಲಿ ಓಡುವಾಗ ಸಹಿಸಿಕೊಳ್ಳುತ್ತಿದ್ದ ಲಾರಿ, ತುಂಬಿದ ಮೇಲೆ ಹೊಲದ ಏರನ್ನು ಒಂದನೇ ಗೇರಿನಲ್ಲಿ ಹತ್ತುವಾಗ ಉಸಿರುಗಟ್ಟುತ್ತಿತ್ತು.

ಹಿಡಿಹಿಡಿಯಾಗಿ ಬಿಡಿಸಿದೆವು. ನಂತರ ಫ್ಯಾನಿನ ಕಡೆಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರು ಬಿಟ್ಟೆವು. ಜೋರಾದ ಪ್ರೆಷರ್ ಬಿಟ್ಟರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ, ಗಾಳಿಯ ದಾರಿಯನ್ನು ನಾವೇ ಮುಚ್ಚಿದಂತಾಗುತ್ತದೆ. ಎರಡು ತಾಸು ಹಿಡಿಯಿತು.

ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. "ಕಾಕಾ, ಮುಳ್ಳು ನಡುವೆಯೇ ನಿಂತಿದೆ. ಕಾರ್ಖಾನೆಯ ಸರತಿಯಲ್ಲಿದ್ದೇನೆ." ಹಂಗಾಮು ಮುಗಿಯುವವರೆಗೆ ಹದಿನೈದು ದಿನಕ್ಕೊಮ್ಮೆ ಇಂಟರ್‌ಕೂಲರಿನ ಹಿಂದೆ ಬ್ಯಾಟರಿ ಬೆಳಕು ಬಿಟ್ಟು ನೋಡು ಎಂದು ಹೇಳಿ ಫೋನ್ ಇಟ್ಟೆ.