ಕಂಟೇನರ್ ಒಳಗಿನ ಮಳೆ

ಇವತ್ತು ಮಂಗ್ಳೂರಿನ ಬೈಕಂಪಾಡಿ ಗೋಡೌನಲ್ಲಿ ಇಟಲಿಗೆ ಹೋಗೋ ಕಾಫಿ ಲೋಡಿಂಗು. 20 ಅಡಿ ಕಂಟೇನರ್, 60 ಕೆಜಿಯ 320 ಚೀಲ, ಅಂದ್ರೆ 19.2 ಟನ್. ಖಾಲಿ ಡಬ್ಬಿ ಬಂದಕೂಡ್ಲೆ ಮೇಸ್ತ್ರಿ ನನ್ನನ್ನ ಒಳಗೆ ನಿಲ್ಸಿ ಬಾಗ್ಲು ಹಾಕೇಬಿಟ್ರು, "ಎಲ್ಲಿಯಾದ್ರೂ ಬೆಳಕು ಕಾಣ್ತದಾ ನೋಡಿ ಸರ್" ಅಂತ. ಮೂಲೇಲಿ ಸೂಜಿಮೊನೆಯಷ್ಟು ಕಾಣ್ತು ಮಾರಾಯ್ರೆ, ಬೆಳಕು ಬಂದಲ್ಲಿ ನೀರೂ ಬರ್ತದಲ್ಲ, ಅಷ್ಟಕ್ಕೇ ಅದು ವಾಪಸ್ಸು, ಇನ್ನೊಂದು ಬರೋವರೆಗೆ ಎರಡು ಚಾ ಆಯ್ತು.

ಹೊರಗಿನ ನೀರಿಗೆ ಹೆದರ್ತೀವಿ ಸರಿ, ಆದ್ರೆ ಜಾಸ್ತಿ ಕಾಟ ಒಳಗಿಂದು. ಒಣಗಿಸಿದ ಬೀಜದಲ್ಲೂ ಸ್ವಲ್ಪ ತೇವ ಇದ್ದೇ ಇರ್ತದೆ, ಇಲ್ಲಿಯ ಸೆಕೆಲಿ ತುಂಬಿದ ಮಾಲು ಯುರೋಪಿನ ಚಳಿಗೆ ಹೋಗುವಾಗ ಆ ತೇವ ಆವಿಯಾಗಿ ತಣ್ಣಗಿನ ಸೂರಿಗೆ ತಾಗಿ ಹನಿಹನಿಯಾಗಿ ಚೀಲದ ಮೇಲೇ ಬೀಳ್ತದೆ, ಆಮೇಲೆ ಬೂಷ್ಟು ಹಿಡೀತದೆ. ಅದಕ್ಕೇ ಸುತ್ತ ಕ್ರಾಫ್ಟ್ ಪೇಪರ್ ಅನ್ನೋ ದಪ್ಪ ಕಾಗದ, ತೇವ ಹೀರೋಕೆ ಕ್ಯಾಲ್ಸಿಯಂ ಕ್ಲೋರೈಡ್ ಪ್ಯಾಕೆಟ್.

ಚೀಲನ ಇಟ್ಟಿಗೆ ತರ ಒಂದಕ್ಕೊಂದು ಕಚ್ಚಿಸಿ ಜೋಡಿಸ್ಬೇಕು, ಭಾರ ಒಂದೇ ಕಡೆ ಬೀಳಬಾರ್ದು, ಬಾಗ್ಲ ಹತ್ರದ ಸಾಲು ಇನ್ನೂ ಗಟ್ಟಿ ಇರ್ಬೇಕು, ಇಲ್ಲಾಂದ್ರೆ ಅಲ್ಲಿ ತೆಗೆಯುವವನ ಎದೆಮೇಲೇ ಬೀಳ್ತದೆ. ಆ ಮನುಷ್ಯನ ಮುಖ ನಾವ್ಯಾರೂ ನೋಡಲ್ಲ, ಆದ್ರೂ ಮೇಸ್ತ್ರಿ ಕೊನೇ ಸಾಲನ್ನ ಎರಡು ಸಲ ಬಿಚ್ಚಿಸಿ ಕಟ್ಟಿಸಿದ್ರು. ನಂಗೆ ಲೇಟಾಗ್ತದೆ ಅಂತ ಸಿಟ್ಟು ಬಂದಿತ್ತು, ಈಗ ಸ್ವಲ್ಪ ನಾಚಿಕೆ.

ತುಂಬಿದ ಕಂಟೇನರಿನ ಒಟ್ಟು ತೂಕದ ಚೀಟಿ ಕೊಟ್ಟಾಯ್ತು, 2016ರ ಜುಲೈಯಿಂದ ಅದಿಲ್ದೆ ಹಡಗಿಗೆ ಹತ್ತಿಸೋ ಹಾಗಿಲ್ಲ. ಸೀಲ್ ಬಿತ್ತು. ಇನ್ನು ಊಟ.