ಸೋಮವಾರದ ಜಿಮ್ಮಿನಲ್ಲಿ ಹೊಸಬರು

ಅಕ್ಕನ ಮಗಳು ಡಿಗ್ರಿ ಓದಲು ಮೈಸೂರಿಗೆ ಬಂದು ನಮ್ಮನೆಯಲ್ಲೇ ಇದ್ದಾಳೆ. ಜಿಮ್ಮಿಗೆ ಸೇರಬೇಕು ಅನ್ನೋ ಆಸೆ ಅವಳಿಗೆ ಮೊದಲಿನಿಂದಲೂ ಇತ್ತು. ಆದರೆ ನಾನು ಹೊರಡುವ ಹೊತ್ತಿಗೆ ಏನಾದರೂ ಒಂದು ನೆಪ. ಒಂದಿನ ಅಸೈನ್‌ಮೆಂಟ್, ಇನ್ನೊಂದಿನ ತಲೆನೋವು. ಜನವರಿಯ ಒಂದು ಭಾನುವಾರ ರಾತ್ರಿ, ಚಪಾತಿ ಲಟ್ಟಿಸುತ್ತಾ ನಿಜ ಹೇಳಿದಳು. "ಚಿಕ್ಕಮ್ಮ, ಭಾರ ಎತ್ತೋಕೆ ನಂಗೇನೂ ಭಯ ಇಲ್ಲ. ಅಲ್ಲಿ ಹೇಗಿರ್ಬೇಕು ಅಂತ ಗೊತ್ತಿಲ್ವಲ್ಲ, ಅದಕ್ಕೇ ಭಯ. ಯಾವ್ದು ಮುಟ್ಟಬಹುದು, ಯಾರನ್ನ ಕೇಳ್ಬೇಕು, ತಪ್ಪು ಮಾಡಿದ್ರೆ ಎಲ್ಲರ ಮುಂದೆ ಬೈತಾರಾ?"

ಈ ಭಯ ಅವಳೊಬ್ಬಳದ್ದಲ್ಲ. ಎಷ್ಟೋ ಜನ ಮೂರು ತಿಂಗಳ ಫೀಸ್ ಒಟ್ಟಿಗೆ ಕಟ್ಟಿ, ಎರಡನೇ ವಾರಕ್ಕೇ ಬರುವುದನ್ನು ನಿಲ್ಲಿಸುತ್ತಾರೆ. ಸೋಮಾರಿಗಳು ಅಂದುಬಿಡುವುದು ಸುಲಭ. ಇಷ್ಟು ವರ್ಷದಿಂದ ನೋಡಿದ್ದರಲ್ಲಿ ನನಗನ್ನಿಸಿದ್ದು ಬೇರೆ. ಅವರಲ್ಲಿ ಬಹಳ ಜನ ಮುಜುಗರಕ್ಕೆ ಬಿಟ್ಟವರು. ಜಿಮ್ಮಿಗೆ ಅದರದೇ ರೀತಿ ರಿವಾಜು ಇದೆ. ಅದು ಹಳಬರಿಗೆಲ್ಲ ಗೊತ್ತು. ಹೊಸಬರಿಗೆ ಹೇಳುವವರು ಮಾತ್ರ ಯಾರೂ ಇಲ್ಲ.

ಮಾರನೇ ದಿನ ಸಂಜೆ ಇಬ್ಬರೂ ಹೊರಟೆವು. ಬ್ಯಾಗಿಗೆ ಏನೇನು ಹಾಕಬೇಕು ಅನ್ನುವುದರಿಂದಲೇ ಪಾಠ ಶುರು. ರಸ್ತೆಯಲ್ಲಿ ಓಡಾಡುವ ಶೂ ಬೇರೆ, ಜಿಮ್ಮಿನ ಶೂ ಬೇರೆ. ಒಗೆದ ಟೀ ಶರ್ಟ್. ಎರಡು ನ್ಯಾಪ್‌ಕಿನ್, ಒಂದು ಮುಖಕ್ಕೆ, ಇನ್ನೊಂದು ಬೆಂಚಿಗೆ. "ಎರಡ್ಯಾಕೆ?" ಅಂದಳು. ಬೆಂಚಿನ ಬೆವರು ಒರೆಸಿದ್ದರಲ್ಲೇ ಮುಖ ಒರೆಸಿಕೊಂಡರೆ ಹಿಂದಿನವರ ಮೈಯಲ್ಲಿದ್ದದ್ದು ನಮ್ಮ ಮೈಗೆ ಬರುತ್ತದೆ. ಹುಳುಕಡ್ಡಿ ಹೀಗೇ ಹರಡುವುದು. ಅದು ಫಂಗಸ್‌ನಿಂದ ಬರುವ ರೋಗ. ಚರ್ಮಕ್ಕೆ ಚರ್ಮ ತಾಗಿದರೂ ಬರುತ್ತದೆ, ಒಬ್ಬರ ಟವೆಲ್ ಇನ್ನೊಬ್ಬರು ಬಳಸಿದರೂ ಬರುತ್ತದೆ. ಒಮ್ಮೆ ಹತ್ತಿಕೊಂಡರೆ ತಿಂಗಳುಗಟ್ಟಲೆ ಕಾಡಬಹುದು. ಅದಕ್ಕೇ ಟವೆಲ್ ಯಾರಿಗೂ ಕೊಡಬಾರದು, ಯಾರಿಂದಲೂ ತಗೋಬಾರದು. ಬೆಂಚನ್ನು ಬಳಸುವ ಮೊದಲೂ ಒರೆಸಬೇಕು, ಎದ್ದ ಮೇಲೂ ಒರೆಸಬೇಕು. ಅವಳು ಹೊರಡುವ ಮುಂಚೆ ಸೆಂಟ್ ಹೊಡೆದುಕೊಳ್ಳಲು ಹೋದಳು. ಬೇಡ ಅಂದೆ. ಟ್ರೆಡ್‌ಮಿಲ್ ಮೇಲೆ ಏದುಸಿರು ಬಿಡುತ್ತಿರುವ ಪಕ್ಕದವರಿಗೆ ಘಾಟು ವಾಸನೆ ಬಹಳ ತೊಂದರೆ ಕೊಡುತ್ತದೆ.

ಸೋಮವಾರ ಅಂದರೆ ಬಹಳಷ್ಟು ಜಿಮ್ಮುಗಳಲ್ಲಿ ಚೆಸ್ಟ್ ಡೇ, ಎದೆಯ ಕಸರತ್ತಿನ ದಿನ. ಯಾರು ಯಾವಾಗ ಶುರು ಮಾಡಿದರೋ ಗೊತ್ತಿಲ್ಲ, ವಾರದ ಮೊದಲ ದಿನ ಗಂಡುಮಕ್ಕಳೆಲ್ಲ ಬೆಂಚ್ ಪ್ರೆಸ್‌ಗೇ ಬರುತ್ತಾರೆ. ಬೆಂಚಿನ ಮೇಲೆ ಮಲಗಿ ಬಾರನ್ನು, ಅಂದರೆ ಎರಡೂ ತುದಿಗೆ ಭಾರದ ಪ್ಲೇಟ್ ಹಾಕುವ ಕಬ್ಬಿಣದ ಸರಳನ್ನು, ಮೇಲಕ್ಕೆ ತಳ್ಳುವುದು ಅದು. ನಮ್ಮ ಬಡಾವಣೆಯ ಜಿಮ್ಮಿನಲ್ಲಿ ಇರುವುದು ಎರಡೇ ಫ್ಲಾಟ್ ಬೆಂಚ್. ಜೊತೆಗೆ ಜನವರಿ, ಹೊಸ ವರ್ಷಕ್ಕೆ ಸೇರಿದವರ ಗುಂಪು. ಕಾಲಿಡಲು ಜಾಗ ಇರಲಿಲ್ಲ.

ಮೊದಲು ಅವಳಿಗೆ ಸುಮ್ನೆ ನಿಂತು ನೋಡು ಅಂದೆ. ಬೆಂಚ್ ಖಾಲಿ ಕಂಡರೂ ಅದರ ಮೇಲೆ ಬಾಟಲಿಯೋ ಟವೆಲ್ಲೋ ಇದ್ದರೆ ಅಲ್ಲಿ ಯಾರೋ ಇದ್ದಾರೆ ಅಂತ ಅರ್ಥ. ನೀರು ಕುಡಿಯಲು ಹೋಗಿರುತ್ತಾರೆ. ಆಗ ಕಾದು, "ಅಣ್ಣ, ಇನ್ನೆಷ್ಟು ಸೆಟ್ ಇದೆ?" ಅಂತ ಕೇಳಬೇಕು. ನಡುವೆ ನಿಲ್ಲಿಸದೆ ಎತ್ತುವ ಒಂದು ಸುತ್ತಿಗೆ ಸೆಟ್ ಅನ್ನುತ್ತಾರೆ. ಒಂದೋ ಎರಡೋ ಅಂದರೆ ಕಾಯುವುದು. ಜಾಸ್ತಿ ಇದೆ ಅಂದರೆ, "ಮಧ್ಯೆ ಮಧ್ಯೆ ನಾನೂ ಮಾಡ್ಲಾ?" ಅನ್ನಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಭಾರದ ಸೆಟ್ ಮಾಡಿದವರಿಗೆ ಎರಡು ಮೂರು ನಿಮಿಷ ವಿಶ್ರಾಂತಿ ಬೇಕೇ ಬೇಕು. ಅಷ್ಟರಲ್ಲಿ ಇನ್ನೊಬ್ಬರ ಸೆಟ್ ಮುಗಿದಿರುತ್ತದೆ. ಒಂದು ಬೆಂಚಿನಲ್ಲಿ ಮೂರು ಜನ ಆರಾಮವಾಗಿ ಮುಗಿಸಬಹುದು. ವಿಶ್ರಾಂತಿ ತಗೊಳ್ಳುವವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಮೆಷಿನ್ ಮೇಲೆ ಕೂತು ಹತ್ತು ನಿಮಿಷ ರೀಲ್ಸ್ ನೋಡುವವರ ಮೇಲೆ ಇದೆ.

ಆದರೆ ಯಾವಾಗ ಕೇಳಬೇಕು ಅನ್ನುವುದೂ ಗೊತ್ತಿರಬೇಕು. ಒಬ್ಬರು ಬಾರ್ ಎತ್ತಿರುವಾಗ ಮಾತಾಡಿಸಬಾರದು. ಅವರ ಮತ್ತು ಕನ್ನಡಿಯ ಮಧ್ಯೆ ಹಾದುಹೋಗಬಾರದು. ಕನ್ನಡಿ ಇರುವುದು ಅಂದ ನೋಡಿಕೊಳ್ಳಲು ಮಾತ್ರ ಅಲ್ಲ. ಬೆನ್ನು ಬಾಗಿತಾ, ಮಂಡಿ ಒಳಕ್ಕೆ ಹೋಯಿತಾ ಅಂತ ಆ ಕ್ಷಣಕ್ಕೆ ಗೊತ್ತಾಗುವುದು ಕನ್ನಡಿಯಲ್ಲೇ.

ಅವಳು 5 ಕೆಜಿಯ ಡಂಬೆಲ್ ಜೋಡಿ ತಗೊಂಡು ರ್ಯಾಕ್ ಎದುರೇ ನಿಂತಳು. ಎರಡು ಹೆಜ್ಜೆ ಹಿಂದೆ ಬಾ ಅಂದೆ. ರ್ಯಾಕಿಗೆ ಅಂಟಿಕೊಂಡು ನಿಂತರೆ ಬೇರೆಯವರು ಡಂಬೆಲ್ ತೆಗೆಯಲೂ ಆಗುವುದಿಲ್ಲ, ಇಡಲೂ ಆಗುವುದಿಲ್ಲ. ಮುಗಿದ ಮೇಲೆ ತೆಗೆದ ಜಾಗದಲ್ಲೇ ಇಡಬೇಕು. ನಮ್ಮಲ್ಲಿ ಕೆಲವು ಡಂಬೆಲ್ ಮೇಲೆ ಕೆಜಿ ಇದೆ, ಕೆಲವು ಹಳೆಯವುಗಳ ಮೇಲೆ ಪೌಂಡ್ ಇದೆ. 10 ಪೌಂಡ್ ಅಂದರೆ ನಾಲ್ಕೂವರೆ ಕೆಜಿ. ಅದನ್ನು 10 ಕೆಜಿಯ ಜಾಗದಲ್ಲಿ ಇಟ್ಟುಬಿಟ್ಟರೆ ಮುಂದೆ ಬಂದವರು ಅವಸರದಲ್ಲಿ ಎತ್ತಿಕೊಂಡು, ಒಂದು ಕೈಗೆ ಒಂದು ಭಾರ, ಇನ್ನೊಂದು ಕೈಗೆ ಇನ್ನೊಂದು ಭಾರ ಆಗಿ, ಭುಜ ಉಳುಕಿಸಿಕೊಳ್ಳುತ್ತಾರೆ.

ಆಮೇಲೆ ಆಗಿದ್ದೇ ನಾನು ಇದನ್ನೆಲ್ಲ ಬರೆಯಲು ಕಾರಣ.

ಹದಿನೆಂಟು ಹತ್ತೊಂಬತ್ತು ವರ್ಷದ ಒಬ್ಬ ಹುಡುಗ, ಕಾಲೇಜಿನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, ಗೋಡೆಗೆ ಒರಗಿ ಬೆಂಚಿಗಾಗಿ ಕಾಯುತ್ತಿದ್ದ. ಹೊಸಬ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಮುಂಚೆ ಇದ್ದವರು ಸೆಟ್ ಮುಗಿಸಿ ಕೇಬಲ್ ಮೆಷಿನ್ ಕಡೆ ಹೋದರು. ಬಾರಿನಲ್ಲಿ ಆ ಕಡೆ 30 ಕೆಜಿ, ಈ ಕಡೆ 30 ಕೆಜಿ ಪ್ಲೇಟ್ ಹಾಗೇ ಇತ್ತು. ಹುಡುಗನಿಗೆ ಬೇಕಾಗಿದ್ದದ್ದು ಖಾಲಿ ಬಾರ್. ಅವನು ಬಲಗಡೆಯ 10 ಕೆಜಿ ಪ್ಲೇಟ್ ತೆಗೆದಿಟ್ಟ. ಆಮೇಲೆ ಬಲಗಡೆಯದೇ 20 ಕೆಜಿ ಪ್ಲೇಟ್ ಎಳೆದ. ಅದು ಹೊರಗೆ ಬಂದಿದ್ದೇ ತಡ, ಬಾರ್ ಎಡಕ್ಕೆ ಬಗ್ಗಿ ಬಲಗಡೆಯ ತುದಿ ಧುತ್ತಂತ ಮೇಲಕ್ಕೆ ಹಾರಿತು. ಎಡಗಡೆಯ ಪ್ಲೇಟ್‌ಗಳು ನೆಲಕ್ಕೆ ಬಿದ್ದ ಸದ್ದಿಗೆ ಇಡೀ ಜಿಮ್ ನಿಂತುಹೋಯಿತು. ಬಾರಿನ ತುದಿ ಹಾದುಹೋದದ್ದು ಅವನ ಗಲ್ಲದ ಪಕ್ಕದಲ್ಲಿ. ನಮ್ಮ ಹುಡುಗಿ ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದಳು. ದೇವರ ದಯ, ಯಾರಿಗೂ ಏನೂ ಆಗಲಿಲ್ಲ.

ಸದ್ದು ನಿಂತ ಮೇಲೆ ಮೊದಲು ಬಂದದ್ದು ಬೈಗುಳ. ಭುಜದ ಮೇಲೆ ಬಾರ್ ಹೊತ್ತು ಬಸ್ಕಿ ಹೊಡೆಯುವ ಸ್ಕ್ವಾಟ್ ರ್ಯಾಕ್ ಹತ್ತಿರ ಇದ್ದ ಹಳಬರೊಬ್ಬರು, "ಬುದ್ಧಿ ಇಲ್ವೇನೋ? ಗೊತ್ತಿಲ್ಲದೆ ಇದ್ಮೇಲೆ ಯಾಕ್ರೋ ಮುಟ್ಟೋಕೆ ಹೋಗ್ತೀರಾ? ಯಾರದಾದ್ರೂ ತಲೆ ಒಡೆದಿದ್ರೆ?" ಅಂತ ಕೂಗಿದರು. ಇನ್ನಿಬ್ಬರು ನಕ್ಕರು. ಹುಡುಗ ಏನೂ ಅನ್ನಲಿಲ್ಲ. ಬಾಟಲಿ ಎತ್ತಿಕೊಂಡು ಸೀದಾ ಚಪ್ಪಲಿ ಸ್ಟ್ಯಾಂಡ್ ಕಡೆ ನಡೆದ. ಅವನ ಕಿವಿ ಕೆಂಪಗಾಗಿತ್ತು. ಪಕ್ಕದಲ್ಲಿದ್ದ ಅಕ್ಕನ ಮಗಳು ನನ್ನ ಮುಖ ನೋಡಿದಳು. ಭಾನುವಾರ ರಾತ್ರಿ ಅವಳು ಕೇಳಿದ್ದ ಪ್ರಶ್ನೆಗೆ ಉತ್ತರ ಅವಳ ಕಣ್ಣೆದುರೇ ನಡೆದುಹೋಗಿತ್ತು.

ನಾನು ಅವನ ಹಿಂದೆ ಹೋದೆ. "ಪೆಟ್ಟೇನಾದ್ರೂ ಆಯ್ತೇನಪ್ಪ?" ಅಂದೆ.

"ಇಲ್ಲ ಮೇಡಂ."

"ಪ್ಲೇಟ್ ಹೇಗೆ ತೆಗೀಬೇಕು ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ ಮೇಡಂ. ವರ್ಕೌಟ್ ಚಾರ್ಟ್ ವಾಟ್ಸಾಪ್ ಮಾಡಿದ್ರು, ಅಷ್ಟೇ."

ಅಷ್ಟೇ. ಚಾರ್ಟಿನಲ್ಲಿ ಬೆಂಚ್ ಪ್ರೆಸ್, ಮೂರು ಸೆಟ್, ಹನ್ನೆರಡು ರೆಪ್ಸ್, ಅಂದರೆ ಸೆಟ್ಟಿಗೆ ಹನ್ನೆರಡು ಸಲ, ಅಂತ ಇರುತ್ತದೆ. ಬಾರಿನ ಗುಣ ಏನು ಅಂತ ಇರುವುದಿಲ್ಲ. ಮಗು ಎಲ್ಲಿಂದ ತಿಳಿದುಕೊಳ್ಳಬೇಕು?

"ಇವತ್ತು ಹೀಗೆ ಎದ್ದು ಹೋದ್ರೆ ನಾಳೆ ಬರೋಕೆ ಮನಸ್ಸಾಗಲ್ಲ. ಬಾ, ತೋರಿಸ್ತೀನಿ" ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಬಂದ. ಅಕ್ಕನ ಮಗಳನ್ನೂ ಕರೆದೆ. ದೊಡ್ಡ ಬಾರಿನ ತೂಕವೇ 20 ಕೆಜಿ, ಉದ್ದ 2.2 ಮೀಟರ್. ಪ್ಲೇಟ್ ಕೂರುವುದು ಬಾರ್ ಇಡುವ ಸ್ಟ್ಯಾಂಡಿನಿಂದ ಆಚೆಗೆ. ಹಳೆಯ ಬೆಂಚುಗಳಲ್ಲಂತೂ ಸ್ಟ್ಯಾಂಡಿನ ಎರಡು ಕಂಬ ಹತ್ತಿರ ಹತ್ತಿರ ಇರುತ್ತವೆ. ಒಂದು ಕಡೆ ಪೂರ್ತಿ ಖಾಲಿ ಮಾಡಿದರೆ ಇನ್ನೊಂದು ಕಡೆಯ ಭಾರ ಬಾರನ್ನು ಏತದ ಹಾಗೆ ಎತ್ತಿಬಿಡುತ್ತದೆ. ಅದಕ್ಕೇ ಈ ಕಡೆ ಒಂದು ತೆಗೆದರೆ ಆ ಕಡೆ ಒಂದು. ಹಾಕುವಾಗಲೂ ಹಾಗೇ. ಇಬ್ಬರೂ ಒಂದೊಂದು ಸಲ ಹಾಕಿ ತೆಗೆದು ನೋಡಿದರು. ಖಾಲಿ ಬಾರ್ ಕೂಡ ಭಾರವೇ ಅಂತಲೂ ಹೇಳಿದೆ. ಹೆಣ್ಣುಮಕ್ಕಳಿಗೆ ಅಂತ 15 ಕೆಜಿಯ ಬಾರ್ ಬರುತ್ತದೆ, ನಮ್ಮಲ್ಲಿ ಇಲ್ಲ. ಬೇಕು ಅಂತ ಕೇಳುತ್ತಲೇ ಇದ್ದೇನೆ.

ಅಷ್ಟರಲ್ಲಿ ಕೇಬಲ್ ಮೆಷಿನ್ ಕಡೆ ಹೋಗಿದ್ದವರು ಬಂದರು. ಎಲ್ಲರಿಗೂ ಕೇಳುವ ಹಾಗೆ, "ಪ್ಲೇಟ್ ಬಿಟ್ಟು ಹೋಗಿದ್ದು ನಾನು ಕಣೋ. ನಾನೇ ತೆಗೆದಿಟ್ಟಿದ್ರೆ ಹಿಂಗಾಗ್ತಿರ್ಲಿಲ್ಲ. ಸಾರಿ" ಅಂದರು. ಆ ಮಾತಿಗೆ ನಾನು ಅವರಿಗೆ ಮನಸಾರೆ ಕೈ ಮುಗಿಯುತ್ತೇನೆ. ನಕ್ಕಿದ್ದವರು ತೆಪ್ಪಗಾದರು. ಸಾರಿ ಕೇಳಿದವರೇ ಹುಡುಗನ ತಲೆಯ ಹತ್ತಿರ ನಿಂತು ಸ್ಪಾಟ್ ಮಾಡಿದರು, ಅಂದರೆ ಬೇಕಾದರೆ ಬಾರ್ ಹಿಡಿಯಲು ಸಿದ್ಧವಾಗಿ ನಿಂತರು. "ಎಷ್ಟು ರೆಪ್ಸ್ ಮಾಡ್ತೀಯಾ ಮೊದಲೇ ಹೇಳು. ಬಾರ್ ನಿಂತುಹೋದ್ರೆ ಮಾತ್ರ ಹಿಡಿತೀನಿ, ಅಲ್ಲಿವರೆಗೂ ಮುಟ್ಟಲ್ಲ" ಅಂತ ಅವರು ಹೇಳಿದ್ದನ್ನು ನಮ್ಮ ಹುಡುಗಿ ಕಿವಿಗೊಟ್ಟು ಕೇಳಿಸಿಕೊಂಡಳು.

ನಮ್ಮ ತಾತ ನಜರ್‌ಬಾದ್ ಕಡೆಯ ಗರಡಿಯಲ್ಲಿ ಸಾಮು ಮಾಡಿದವರು. ಅವರ ಕಾಲದಲ್ಲಿ ಹೊಸ ಹುಡುಗ ಬಂದ ದಿನವೇ ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಅಖಾಡಕ್ಕೆ, ಇಳಿಯುವ ಹಾಗಿರಲಿಲ್ಲವಂತೆ. ಚಪ್ಪಲಿ ಹೊರಗೆ ಬಿಟ್ಟು, ಆಂಜನೇಯನಿಗೆ ಕೈ ಮುಗಿದು, ಅಂಚಿನಲ್ಲಿ ಕೂತು ದೊಡ್ಡವರ ಕುಸ್ತಿ ನೋಡಬೇಕು. ಎಣ್ಣೆ, ಅರಿಶಿನ, ಕುಂಕುಮ ಹಾಕಿ ಹದ ಮಾಡಿದ ಕೆಮ್ಮಣ್ಣನ್ನು ಗುದ್ದಲಿಯಲ್ಲಿ ಅಗೆದು ಮಗುಚಬೇಕು. ಆ ಅಗೆತವೇ ಅವನ ಮೊದಲ ಕಸರತ್ತು. ಹಾಗೆ ಅಗೆಯುತ್ತಾ, ನೋಡುತ್ತಾ, ಯಾರ ಮುಂದೆ ಹೇಗಿರಬೇಕು, ಎದುರಾಳಿಗೆ ಪೆಟ್ಟಾಗದ ಹಾಗೆ ಹೇಗೆ ಕೆಡವಬೇಕು ಅನ್ನುವುದು ತಾನಾಗೇ ಬರುತ್ತಿತ್ತು. ತಪ್ಪಿದರೆ ತಿದ್ದಲು ವಸ್ತಾದರು ಇದ್ದರು. ಗರಡಿಯಲ್ಲಿ ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ನಮ್ಮಜ್ಜಿ ಅದರ ಹೊಸ್ತಿಲು ಕೂಡ ದಾಟುವ ಹಾಗಿರಲಿಲ್ಲ. ನಾನೂ ಅಕ್ಕನ ಮಗಳೂ ಇವತ್ತು ಬಾರ್ ಹಿಡಿಯುತ್ತಿರುವುದು ಜಿಮ್ ಬಂದದ್ದರಿಂದಲೇ. ಆದರೆ ಹೊಸಬರನ್ನು ಕೂರಿಸಿಕೊಂಡು ಹೇಳಿಕೊಡುವ ಆ ಒಂದು ಪದ್ಧತಿಯನ್ನು ಮಾತ್ರ ನಾವು ಗರಡಿಯಲ್ಲೇ ಬಿಟ್ಟು ಬಂದಿದ್ದೇವೆ. ಈಗ ಫೋನಿನಲ್ಲಿ ಫೀಸ್ ಕಟ್ಟಿದರೆ ಬಾಗಿಲು ತೆರೆಯುತ್ತದೆ. ಒಳಗೆ ಬಂದವರು ಅವರ ಪಾಡಿಗೆ ಅವರು.

ಹೇಳಿಕೊಡುವುದಕ್ಕೂ ಒಂದು ರೀತಿ ಇದೆ. ಅದೇ ಸಂಜೆ ಅಕ್ಕನ ಮಗಳು ಶೋಲ್ಡರ್ ಪ್ರೆಸ್ ಮಾಡುತ್ತಿದ್ದಾಗ ಯಾರೋ ಒಬ್ಬರು ಬಂದು, "ಹಂಗಲ್ಲ ಹಿಂಗೆ" ಅಂತ ಅವಳ ಮೊಣಕೈ ಹಿಡಿದರು. ಅವಳು ಬೆಚ್ಚಿದಳು. ನಾನು ಹೋಗಿ, "ಮುಟ್ಟಬೇಡಿ. ಹೇಳೋದಿದ್ರೆ ಬಾಯಲ್ಲಿ ಹೇಳಿ, ಅದೂ ಕೇಳಿದ್ರೆ ಹೇಳಿ" ಅಂದೆ. ಸಹಾಯ ಮಾಡಲು ಬಂದದ್ದು ಅಂದರು. ಇರಬಹುದು. ಆದರೂ ಪರಿಚಯವಿಲ್ಲದ ಹುಡುಗಿಯ ಮೈ ಮುಟ್ಟುವ ಮುಂಚೆ ಕೇಳಬೇಕು. ಅಪಾಯ ಕಂಡರೆ ತಕ್ಷಣ ನಿಲ್ಲಿಸಿ. ಸಣ್ಣಪುಟ್ಟ ತಪ್ಪಾದರೆ ಟ್ರೈನರ್‌ಗೆ ಹೇಳಿ. ವಿಡಿಯೋ ಮಾಡುವವರಿಗೂ ಇದೇ ಮಾತು. ನಿಮ್ಮ ಹಿಂದೆ ಬೆವರು ಸುರಿಸುತ್ತಿರುವವರು ನಿಮ್ಮ ರೀಲ್ಸ್‌ಗೆ ಒಪ್ಪಿಗೆ ಕೊಟ್ಟಿಲ್ಲ.

ಮುಚ್ಚುವ ಹೊತ್ತಿಗೆ ಟ್ರೈನರ್ ಜೊತೆ ಮಾತಾಡಿದೆ. ಅವರೂ ಏನು ಮಾಡಿಯಾರು? ಸಂಜೆಯ ಬ್ಯಾಚಿಗೆ ಅವರೊಬ್ಬರೇ. ಇಷ್ಟೊಂದು ಜನರ ಮೇಲೆ ಕಣ್ಣಿಡುವುದು ಆಗುವ ಮಾತಲ್ಲ. ಹಾಗಾಗಿ ಹಳಬರಲ್ಲಿ ಕೆಲವರು ಆ ಕೆಲಸ ಹಂಚಿಕೊಳ್ಳೋಣ ಅಂತ ಆಯಿತು. ಹೊಸಬರು ಬಂದ ಮೊದಲ ದಿನ ಒಬ್ಬರು ಹತ್ತು ನಿಮಿಷ ಜೊತೆಗೆ ಸುತ್ತಿ, ಪ್ಲೇಟ್, ಬಾರ್, ಬೆಂಚ್, ಸರದಿ ಎಲ್ಲ ತೋರಿಸುವುದು. ಪ್ಲೇಟ್ ಬಿಟ್ಟು ಹೋಗಿದ್ದವರೇ ಮೊದಲು ಒಪ್ಪಿದರು. ಹೆಣ್ಣುಮಕ್ಕಳು ಬಂದರೆ ನಾನು. ಈಗಲೂ ನಡೆಯುತ್ತಿದೆ. ಆ ಹುಡುಗನೂ ಬರುತ್ತಿದ್ದಾನೆ, ಅಕ್ಕನ ಮಗಳೂ ಬರುತ್ತಿದ್ದಾಳೆ.

ಅವತ್ತು ಬೈದವರು ಮಾತ್ರ ಇನ್ನೂ ಒಪ್ಪಿಲ್ಲ. ನಮ್ಮನ್ನ ಯಾರು ಕೈ ಹಿಡಿದು ಕಲಿಸಿದ್ರು ಅನ್ನುತ್ತಾರೆ. ಸ್ಕ್ವಾಟ್‌ನಲ್ಲಿ ಅವರಷ್ಟು ಚೊಕ್ಕವಾಗಿ ಇಳಿದು ಏಳುವವರು ನಮ್ಮಲ್ಲಿ ಬೇರೆ ಯಾರೂ ಇಲ್ಲ. ಹುಡುಗರಿಗೆ ಅವರಿಂದ ಸಿಗಬೇಕಾದದ್ದು ಬಹಳ ಇದೆ. ಅದಕ್ಕೇ ಬಿಡಲು ಮನಸ್ಸಿಲ್ಲ. ಬುಧವಾರ ಲೆಗ್ ಡೇ, ಇರುವುದು ಒಂದೇ ಸ್ಕ್ವಾಟ್ ರ್ಯಾಕ್. ಸರದಿ ಕಾಯುವಾಗ ಇನ್ನೊಂದು ಸಲ ಕೇಳುತ್ತೇನೆ.