ಹೊಟ್ಟೆಗೆ ಮಾತ್ರ ಕೇಳಿಸಿದ ಹಾಡು

"ಆಂಟಿ, ಇಲ್ಲಿ ಹಾಡಿನ ಮಾತೆಲ್ಲ ಕೇಳಿಸ್ತು. ಬೆಂಗಳೂರಲ್ಲಿ ಹೊಟ್ಟೆಗೆ ಮಾತ್ರ ಕೇಳಿಸ್ತಿತ್ತು."

ಕೆಳಗಿನ ಮನೆಯ ಒಂಬತ್ತು ವರ್ಷದ ಹುಡುಗಿ ಹೇಳಿದ್ದು ಇಷ್ಟೇ. ಹಿಂದಿನ ರಾತ್ರಿ ಲಂಡನ್ನಿನ ಓ2 ಅರೀನಾದಲ್ಲಿ ತನ್ನ ಮೆಚ್ಚಿನ ಗಾಯಕಿಯನ್ನು ನೋಡಿ ಬಂದಿದ್ದಳು, ಕೂಗಿ ಕೂಗಿ ಗಂಟಲು ಕಟ್ಟಿತ್ತು. ಗಣೇಶನ ಹಬ್ಬಕ್ಕೆ ಅಜ್ಜಿ ಮನೆಗೆ ಹೋದಾಗ ಬಸವನಗುಡಿ ಕಡೆಯ ಮೈದಾನದಲ್ಲಿ ಆರ್ಕೆಸ್ಟ್ರಾ ನೋಡಿದ್ದಳು. ಅವಳಿಗೆ ದೂರುವ ಮನಸ್ಸೇನೂ ಇರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು, ಅಷ್ಟೇ. ಆದರೆ ಆ ಮಾತು ನಾಟಿತು. ನಮ್ಮ ಹಾಡುಗಳಲ್ಲಿ ಮಾತೇ ಅರ್ಧ ಜೀವ.

ನಮ್ಮ ಗಾಯಕರ ಕಂಠಕ್ಕೆ ಏನೂ ಕಡಿಮೆಯಿಲ್ಲ. ಊರಿಗೂ ದೊಡ್ಡ ಸದ್ದು ಹೊಸದಲ್ಲ. ಅರಮನೆ ಮೈದಾನ ದೊಡ್ಡ ದೊಡ್ಡ ರಾಕ್ ತಂಡಗಳನ್ನೇ ಕಂಡಿದೆ: 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಎಡವಟ್ಟು ಆಗುವುದು ಬಡಾವಣೆಯ ಮೈದಾನಗಳಲ್ಲಿ, ಸ್ಪೀಕರ್ ಜೋಡಿಸುವ ಹೊತ್ತಿನಲ್ಲಿ.

ವೇದಿಕೆಯ ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಗುಡ್ಡೆ ಪೇರಿಸುತ್ತಾರೆ. ಹಿಂದಿನ ಸಾಲಿಗೂ ಕೇಳಲಿ ಎಂದು ಎರಡನ್ನೂ ಪೂರ್ತಿ ಏರಿಸುತ್ತಾರೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹತ್ತು ಮೀಟರಿನಲ್ಲಿ 100 ಇದ್ದದ್ದು ಇಪ್ಪತ್ತಕ್ಕೆ 94, ನಲವತ್ತಕ್ಕೆ 88, ಎಂಬತ್ತಕ್ಕೆ 82. ಕೊನೆಯ ಸಾಲಿನವರಿಗೆ ಹಿತವಾಗುವಷ್ಟು ಏರಿಸಿದರೆ ಮೊದಲ ಸಾಲಿನವರ ಕಿವಿ ಹರಿಯುತ್ತದೆ. ಅಜ್ಜಿಯ ಕುರ್ಚಿ ಇದ್ದದ್ದು ಮುಂದೆ, ನಟ್ಟನಡುವೆ. ಎರಡೂ ಕಡೆಯ ಬೇಸ್, ಅಂದರೆ ಗುಡುಗಿನಂಥ ತಗ್ಗಿನ ಸದ್ದು, ಒಂದೇ ಹೊತ್ತಿಗೆ ಬಂದು ಕೂಡುವುದು ಆ ನಡುಗೆರೆಯಲ್ಲೇ. ಮಗು ಹೊಟ್ಟೆಗೆ ಕೇಳಿಸ್ತು ಅಂದದ್ದು ಅಕ್ಷರಶಃ ನಿಜ.

ದೊಡ್ಡ ಬಯಲು ಕಚೇರಿಗಳಲ್ಲಿ ಏನು ಮಾಡುತ್ತಾರೆಂದರೆ, ಜನರ ನಡುವೆ ಇನ್ನೊಂದು ಜೊತೆ ಸ್ಪೀಕರ್ ಕಂಬ ನಿಲ್ಲಿಸುತ್ತಾರೆ. ಅದಕ್ಕೆ ಡಿಲೇ ಟವರ್ ಎನ್ನುತ್ತಾರೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ತಂತಿಯಲ್ಲಿ ಹೋಗುವ ಸಿಗ್ನಲ್‌ಗೆ ಸಮಯವೇ ಹಿಡಿಯುವುದಿಲ್ಲ. ಹಾಗಾಗಿ ಅರವತ್ತು ಮೀಟರ್ ಆಚೆಯ ಕಂಬವನ್ನು ಹಾಗೇ ಬಿಟ್ಟರೆ ಅದರ ಹಾಡು ವೇದಿಕೆಯ ಹಾಡಿಗಿಂತ ಮೊದಲು ಕಿವಿಗೆ ಬೀಳುತ್ತದೆ, ಹಿಂದೆಯೇ ವೇದಿಕೆಯದ್ದು ಬಂದು ಪ್ರತಿ ಪದವೂ ಎರಡಾಗುತ್ತದೆ. ಅದಕ್ಕೇ ಆ ಕಂಬವನ್ನು 176 ಮಿಲಿಸೆಕೆಂಡ್ ತಡೆಯುತ್ತಾರೆ. ಬಲ್ಲವರು ಅದರ ಮೇಲೆ ಇನ್ನೂ ಹತ್ತು ಹದಿನೈದು ಮಿಲಿಸೆಕೆಂಡ್ ಸೇರಿಸುತ್ತಾರೆ. ಆಗ ಸದ್ದು ಪಕ್ಕದ ಕಂಬದಿಂದ ಬಂದರೂ ಗಾಯಕನ ಬಾಯಿಂದಲೇ ಬಂದಂತೆ ಅನಿಸುತ್ತದೆ. ಮುಂದಿನ ಗುಡ್ಡೆಯನ್ನು ಅರಚಿಸುವ ಅಗತ್ಯವೇ ಬೀಳುವುದಿಲ್ಲ.

ಇದಕ್ಕೆ ದುಡ್ಡು ಬೇಕು, ಒಪ್ಪೋಣ. ಆದರೆ ಬಿಡಿಗಾಸಿಲ್ಲದೆ ಸರಿಹೋಗುವ ತಪ್ಪುಗಳೇ ಹೆಚ್ಚು. ನಮ್ಮಲ್ಲಿ ಎಷ್ಟೋ ಕಡೆ ಎಲ್ಲ ಮೈಕು ವಾದ್ಯಗಳ ಸದ್ದನ್ನು ಹದಮಾಡುವ ಮಿಕ್ಸರ್ ಟೇಬಲ್ ಇಡುವುದು ವೇದಿಕೆಯ ಪಕ್ಕಕ್ಕೆ, ಸ್ಪೀಕರಿನ ಬೆನ್ನ ಹಿಂದೆ. ಮಿಕ್ಸರ್ ಮುಂದೆ ಕೂತವನಿಗೆ ಕೇಳುವುದು ಒಂದು, ಜನಕ್ಕೆ ಕೇಳುವುದು ಇನ್ನೊಂದು. ಸ್ಪೀಕರಿನ ಬೆನ್ನಿಗೆ ಬೇಸ್ ದಂಡಿಯಾಗಿ ಬರುತ್ತದೆ, ಅಕ್ಷರ ಬರುವುದಿಲ್ಲ. ಅದೇ ಟೇಬಲನ್ನು ಜನರ ಮಧ್ಯೆ ಇಟ್ಟು ಕೇಬಲ್ ಎಳೆದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ನೋಡಲು ಹೋಗುವವರಿಗೂ ಇದೇ ಗುರುತು: ಮಿಕ್ಸರ್ ಜನರ ನಡುವೆ ಇದ್ದರೆ ಅದರ ಮುಂದೆಯೇ ಜಾಗ ಹಿಡಿಯಿರಿ. ಇಡೀ ಮೈದಾನದಲ್ಲಿ ಒಬ್ಬ ಮನುಷ್ಯ ಕಿವಿಗೊಟ್ಟು ಸರಿಮಾಡುತ್ತಿರುವ ಜಾಗ ಅದೊಂದೇ.

ಆಮೇಲೆ ಎಕೋ. ಮೈಕಿಗೆ ಎಕೋ ಹಾಕಿದರೆ ದನಿ ದೊಡ್ಡದಾಗಿ, ಸಿನಿಮಾದಲ್ಲಿದ್ದಂತೆ ಕೇಳುತ್ತದೆ ಎಂಬ ನಂಬಿಕೆ. ಕನ್ನಡಕ್ಕೆ ಅದು ದೊಡ್ಡ ಪೆಟ್ಟು ಕೊಡುತ್ತದೆ. 'ಕತೆ', 'ಕತ್ತೆ' ಎರಡನ್ನೂ ನಿಧಾನವಾಗಿ ಅಂದು ನೋಡಿ. 'ತ್ತೆ' ಬರುವ ಮುಂಚೆ ನಾಲಿಗೆ ಹಲ್ಲಿಗೆ ಒತ್ತಿ ಒಂದು ಚಿಕ್ಕ ಮೌನ ನಿಲ್ಲುತ್ತದೆ. ಒತ್ತಕ್ಷರ ಒತ್ತಕ್ಷರವಾಗಿ ಕೇಳುವುದು ಆ ಮೌನದಿಂದ. ಎಕೋ ಆ ಸಂದಿಗೆ ಹಿಂದಿನ ಸ್ವರವನ್ನೇ ತಂದು ಸುರಿಯುತ್ತದೆ, ಮೌನ ತುಂಬಿಹೋಗುತ್ತದೆ, ಕತ್ತೆ ಕತೆಯಾಗುತ್ತದೆ. ಹಾಡಿನ ಸಾಲು ಸಾಲೇ ಹೀಗೆ ಕಲಸಿಕೊಂಡರೆ ಸಾಹಿತ್ಯ ಬರೆದವರ ಶ್ರಮ ಎಲ್ಲಿ ಉಳಿಯಿತು?

ಮೈಕ್ ಹಿಡಿಯುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಸ್ಟೈಲಿಗೆಂದು ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಪಕ್ಕದ ಸದ್ದನ್ನು ದೂರವಿಡುವ ಅದರ ಗುಣವೇ ಹೋಗುತ್ತದೆ. ದನಿ ಮಂಕಾಗುತ್ತದೆ, ಕೂಯ್ ಎಂಬ ಕೂಗು ಶುರುವಾಗುತ್ತದೆ. ಹಿಡಿ ಕೆಳಗಿರಬೇಕು, ಬಾಯಿಗೂ ಜಾಲರಿಗೂ ಎರಡು ಬೆರಳಿನ ಅಂತರ ಸಾಕು. ಮಿಕ್ಸರಿನಲ್ಲಿ ಗಾಯಕರ ಚಾನೆಲ್ಲಿನ 100 ಹರ್ಟ್ಸ್‌ಗಿಂತ ಕೆಳಗಿನ ತಗ್ಗಿನ ಸದ್ದನ್ನು ಕತ್ತರಿಸಿದರೆ ಡ್ರಮ್ಮಿನ ಗುಡುಗು ಮೈಕಿಗೆ ಅಷ್ಟಾಗಿ ಅಂಟುವುದಿಲ್ಲ. ಅಲ್ಲಿ ಕತ್ತರಿಸಿದ್ದರಿಂದ ಮಾತಿಗೆ ನಷ್ಟವಿಲ್ಲ. ವ್ಯಂಜನಗಳ ಸ್ಪಷ್ಟತೆ ಬಹುಮಟ್ಟಿಗೆ 2,000ದಿಂದ 4,000 ಹರ್ಟ್ಸ್ ನಡುವೆ ಕೂತಿರುತ್ತದೆ.

2025ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಎರಡು ದಿನ ಬೆಂಗಳೂರಿನ ಮಾದಾವರದ ನೈಸ್ ಮೈದಾನದಲ್ಲಿ ಹಾಡಿದ. ಆತ ಬಹುಪಾಲು ಒಬ್ಬನೇ ನಿಂತು, ಕಾಲ ಕೆಳಗಿನ ಲೂಪ್ ಪೆಡಲ್ಲಿನಿಂದ ಹಾಡು ಕಟ್ಟುವವನು. ನುಡಿಸಿದ್ದನ್ನು ಆಗಲೇ ಹಿಡಿದಿಟ್ಟು ಮತ್ತೆ ಮತ್ತೆ ತಿರುಗಿಸುವ ಯಂತ್ರ ಅದು. ಗಿಟಾರಿನ ಮರವನ್ನು ತಟ್ಟಿ ಒಂದು ಸುತ್ತು, ತಂತಿ ಮೀಟಿ ಇನ್ನೊಂದು, ದನಿಯಲ್ಲಿ ಮತ್ತೊಂದು. ಮೊದಲ ಸುತ್ತಿನ ಕೊನೆಯಲ್ಲಿ ಕಾಲು ಕೂದಲೆಳೆಯಷ್ಟು ತಡವಾಗಿ ಇಳಿದರೂ ಆ ತಪ್ಪು ಹಾಡು ಮುಗಿಯುವವರೆಗೆ ತಿರುಗುತ್ತಲೇ ಇರುತ್ತದೆ. ಇದರಲ್ಲಿ ಮೆಚ್ಚಬೇಕಾದದ್ದು ಇನ್ನೊಂದಿದೆ. ಎಲ್ಲವನ್ನೂ ಒಬ್ಬನೇ ಪೇರಿಸಬೇಕಾದ್ದರಿಂದ ಹಾಡು ಬರಿಗೈಯಲ್ಲಿ ಶುರುವಾಗಿ ನಿಧಾನಕ್ಕೆ ತುಂಬುತ್ತದೆ, ಮಾತಿಗೆ ಜಾಗ ಇರುತ್ತದೆ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಎರಡು ಕೀಬೋರ್ಡು, ರಿದಮ್ ಪ್ಯಾಡು, ತಬಲ, ಗಿಟಾರು ಎಲ್ಲವೂ ಪಲ್ಲವಿಯಿಂದ ಮಂಗಳದವರೆಗೆ ಒಂದೇ ಎತ್ತರದಲ್ಲಿ ನುಡಿಯುತ್ತಿರುತ್ತವೆ. ಚರಣ ಬಂದಾಗ ಒಂದು ಕೀಬೋರ್ಡು ಕೈ ಕಟ್ಟಿದರೂ ಸಾಕು, ಗಾಯಕರು ಕೂಗಬೇಕಾಗಿಲ್ಲ.

ಕಿವಿಯ ವಿಷಯವನ್ನು ಮಕ್ಕಳಿರುವವರಿಗೆ ಒತ್ತಿ ಹೇಳಬೇಕು. ಇಂಥ ಕಾರ್ಯಕ್ರಮಗಳಲ್ಲಿ ಸದ್ದಿನ ಸರಾಸರಿ 100 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಚಿಕ್ಕ ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿ. ದೊಡ್ಡ ಮಕ್ಕಳಿಗೆ ಸಂಗೀತಗಾರರು ಹಾಕಿಕೊಳ್ಳುವ ಫಿಲ್ಟರ್ ಇರುವ ಇಯರ್‌ಪ್ಲಗ್ ಒಳ್ಳೆಯದು. ಸ್ಪಂಜಿನದ್ದು ಮೇಲಿನ ಸ್ವರಗಳನ್ನೇ ಹೆಚ್ಚು ನುಂಗುವುದರಿಂದ ಅದನ್ನು ಹಾಕಿಕೊಂಡರೆ ಮಾತು ಇನ್ನಷ್ಟು ಮಂಕಾಗುತ್ತದೆ.

ಇಷ್ಟೆಲ್ಲ ಆದಮೇಲೂ ಮನಸ್ಸಿನಲ್ಲಿ ಉಳಿದದ್ದು ಆ ಹುಡುಗಿಯ ಎರಡನೇ ಪ್ರಶ್ನೆ. "ನಂಗೆ ಕೇಳಿಸ್ಲಿಲ್ಲ, ಆದ್ರೆ ಅಜ್ಜಿ ಎಲ್ಲಾ ಹಾಡ್ತಾ ಇದ್ರಲ್ಲ, ಅವ್ರಿಗೆ ಹೇಗೆ ಕೇಳಿಸ್ತು?"

ಅಜ್ಜಿಗೂ ಕೇಳಿಸಿರಲಿಲ್ಲ. ಆಕಾಶವಾಣಿಯಲ್ಲಿ ಕೇಳಿ ಕೇಳಿ ಬಾಯಿಪಾಠವಾದ ಹಾಡದು. ರಾಗದ ಎಳೆ ಸಿಕ್ಕಿತೋ ಇಲ್ಲವೋ, ಮಾತನ್ನು ನೆನಪೇ ತುಂಬಿಕೊಟ್ಟಿತು. ಮೈದಾನದಲ್ಲಿ ಕೂತ ಸಾವಿರಾರು ಜನಕ್ಕೂ ಹಾಗೆಯೇ. ಅದಕ್ಕೇ ಯಾರೂ ದೂರುವುದಿಲ್ಲ, ಅದಕ್ಕೇ ಯಾವುದೂ ಸರಿಯಾಗುವುದಿಲ್ಲ. ಹೊರಗೆ ಬೆಳೆಯುತ್ತಿರುವ ಮಗುವಿಗೆ ಆ ನೆನಪಿಲ್ಲ. ಅದಕ್ಕೆ ಕನ್ನಡ ಹಾಡು ದಕ್ಕುವುದಿದ್ದರೆ ಕಿವಿಯ ಮೂಲಕವೇ ದಕ್ಕಬೇಕು.

ಹಿಂದೆ ಮದುವೆಗೂ ಜಾತ್ರೆಗೂ ಮೈಕ್‌ಸೆಟ್ಟಿನವರು ಬಂದು ತೆಂಗಿನ ಮರಕ್ಕೆ ತುತ್ತೂರಿಯಂಥ ಸ್ಪೀಕರ್ ಕಟ್ಟುತ್ತಿದ್ದರು. ಅದರಲ್ಲಿ ಬೇಸ್ ಎಂಬುದೇ ಇರಲಿಲ್ಲ. ಮಾತಿನ ಅಕ್ಷರಗಳು ಎಲ್ಲಿರುತ್ತವೋ ಆ ಭಾಗವನ್ನೇ ಅದು ಎತ್ತಿ ಎಸೆಯುತ್ತಿತ್ತು. ತಗಡಿನ ದನಿಯೇ ಸರಿ, ಆದರೆ ಎರಡು ಬೀದಿ ಆಚೆ ಕಡಲೆಕಾಯಿ ಸುಲಿಯುತ್ತ ಕೂತವರಿಗೂ ಪಲ್ಲವಿ, ಚರಣ, ಒತ್ತು, ದೀರ್ಘ ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಅಜ್ಜಿಯ ಬಾಯಿಪಾಠದಲ್ಲಿ ಆ ತುತ್ತೂರಿಯ ಪಾಲೂ ಇರಬೇಕು.

ಭಾನುವಾರ ಹುಡುಗಿ ಬಸವನಗುಡಿಗೆ ಫೋನ್ ಮಾಡಿ ಅವತ್ತಿನ ಹಾಡಿನ ಮಾತು ಕೇಳಿದಳು. ಅಜ್ಜಿ ಹಾಡಲಿಲ್ಲ. ಒಂದೊಂದೇ ಪದ ಬಿಡಿಸಿ, ಒತ್ತಿ ಹೇಳಿದರು. ಹುಡುಗಿ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಳು, ಒತ್ತು ಬಂದ ಕಡೆಯೆಲ್ಲ ಎರಡೆರಡು ಗೆರೆ ಎಳೆದು.